ಷಣ್ಮುಖಪ್ಪನವರ ಬಂಗಲೆಯ ವಾಸನೆ

ಹುಣಸೂರಿನ ಹೊಗೆಸೊಪ್ಪಿನ ವ್ಯಾಪಾರಿ ಷಣ್ಮುಖಪ್ಪನವರಿಗೆ ಚಳಿಗಾಲ ಬಂತೆಂದರೆ ಮಂಡಿಗಳು ಮಾತು ಕೇಳುತ್ತಿರಲಿಲ್ಲ. ಬೆಳಗ್ಗೆ ಏಳಲು ಗೋಡೆ ಹಿಡಿಯಬೇಕು, ಪೂಜೆಗೆ ಕೂತರೆ ಏಳಲು ಹೆಂಡತಿಯ ಕೈ ಹಿಡಿಯಬೇಕು. ಮರದ ವ್ಯಾಪಾರ ಮಾಡಿಕೊಂಡಿದ್ದ ಇಂಗ್ಲಿಷ್ ದೊರೆಯೊಬ್ಬ ಸ್ವಾತಂತ್ರ್ಯ ಬಂದ ಮೇಲೆ ತನ್ನ ದೇಶಕ್ಕೆ ಹೊರಟುಹೋಗಿದ್ದ. ವೀರನಹೊಸಹಳ್ಳಿ ರಸ್ತೆಯಲ್ಲಿದ್ದ ಅವನ ಬಂಗಲೆ ಕೆಲವು ವರ್ಷ ಬೀಗ ಹಾಕಿಕೊಂಡು ಬಿದ್ದಿತ್ತು. ಷಣ್ಮುಖಪ್ಪನವರು ಅದನ್ನು ಕೊಂಡದ್ದು ಮುಖ್ಯವಾಗಿ ಮಂಡಿಗಳಿಗಾಗಿ.

ಆ ಬಂಗಲೆಯಲ್ಲಿ ಸುತ್ತಮುತ್ತಲಿನ ಯಾವ ಮನೆಯಲ್ಲೂ ಇಲ್ಲದ್ದೊಂದಿತ್ತು. ಹಿತ್ತಿಲಿನ ಸಣ್ಣ ಕೋಣೆಯಲ್ಲಿ ಕಬ್ಬಿಣದ ಒಲೆ, ಅದರ ಮೇಲೆ ನೀರಿನ ಬಾಯ್ಲರು. ಅಲ್ಲಿಂದ ಹೊರಟ ಪೈಪುಗಳು ಗೋಡೆ ತೂರಿಕೊಂಡು ಎಲ್ಲ ಕೋಣೆಗಳಿಗೂ ಹೋಗುತ್ತಿದ್ದವು. ಪ್ರತಿ ಕಿಟಕಿಯ ಕೆಳಗೂ ದಪ್ಪ ಕೊಳವೆಗಳನ್ನು ಒತ್ತಾಗಿ ನಿಲ್ಲಿಸಿದ ಒಂದೊಂದು ಕಬ್ಬಿಣದ ಗೂಡು. ಒಲೆ ಹಚ್ಚಿದರೆ ಬಿಸಿನೀರು ಈ ಗೂಡುಗಳನ್ನೆಲ್ಲ ಸುತ್ತಿ, ಮನೆಯನ್ನು ಬೆಚ್ಚಗೆ ಮಾಡಿ, ಮತ್ತೆ ಒಲೆಗೆ ಬರುತ್ತಿತ್ತು. ಕಡಿಮೆಯಾದ ನೀರನ್ನು ತುಂಬಿಕೊಳ್ಳಲು ಅಟ್ಟದ ಮೇಲೆ ಒಂದು ತೊಟ್ಟಿಯಿತ್ತು.

"ದೊರೆ ಅವನ ದೇಶದ ಚಳೀಗೆ ಹೆದರಿ ಇಲ್ಲೂ ಇದನ್ನ ಕಟ್ಟಿಸ್ದ. ನೀವು ಯಾವ ದೇಶದ ದೊರೆ?" ಎಂದರು ಹೆಂಡತಿ ಶಿವನಂಜಮ್ಮ.

"ಪುಷ್ಯ ಮಾಸ ಬರ್ಲಿ, ಆಗ ನೀನೇ ಇದ್ರ ಪಕ್ಕ ಬಂದು ಕೂತ್ಕೋತೀಯ."

"ನಾನ್ಯಾಕೆ ಕೂರ್ಲಿ, ನಂಗೆ ಒಲೆ ಇಲ್ವಾ? ಅದರ ಮುಂದೆ ಕೂತ್ರೆ ಅನ್ನಾನಾದ್ರೂ ಬೇಯ್ತದೆ."

ಷಣ್ಮುಖಪ್ಪನವರು ದೀಪಾವಳಿ ಕಳೆದ ಮರುದಿನವೇ ಒಲೆ ಹಚ್ಚಿಸಿದರು. ಪೈಪುಗಳಲ್ಲಿ ದೊರೆಯ ಕಾಲದ ನೀರು ಹಾಗೇ ನಿಂತಿತ್ತು. ಅದನ್ನು ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ. ತೊಟ್ಟಿ ಅರ್ಧ ಖಾಲಿಯಿದ್ದುದರಿಂದ ಆಳು ಹುಚ್ಚಯ್ಯ ಹಿತ್ತಿಲ ಬಾವಿ ಸೇದುವ ಶ್ರಮ ಬೇಡವೆಂದು ಹತ್ತಿರದ ಕೆರೆಯಿಂದ ನೀರು ಹೊತ್ತು ತುಂಬಿಸಿದ. ಸೌದೆಯ ವಿಷಯದಲ್ಲಿ ಯಜಮಾನರ ಕೈ ಸ್ವಲ್ಪ ಬಿಗಿ. ಪೈಪು ಮುಟ್ಟಿದರೆ ಹಿತವಾಗಿರಬೇಕು, ಅಷ್ಟೇ ಸಾಕು ಎಂದು ಅವರ ಅಪ್ಪಣೆಯಾಗಿತ್ತು. ಹೀಗೆ ಮನೆ ನಾಲ್ಕು ದಿನ ಹಿತವಾಗಿತ್ತು. ಆಮೇಲೆ ಗೂಡುಗಳು ಬುಡದಲ್ಲಿ ಬೆಚ್ಚಗೆ, ತಲೆಯಲ್ಲಿ ತಣ್ಣಗೆ ಇರತೊಡಗಿದವು.

ಗೂಡಿನ ನೆತ್ತಿಯಲ್ಲೊಂದು ಸಣ್ಣ ತಿರುಪು ಇತ್ತು. ಒಳಗೆ ಗಾಳಿ ಸೇರಿಕೊಂಡಿರಬೇಕು ಎಂದುಕೊಂಡು ಷಣ್ಮುಖಪ್ಪನವರು ಪಡಸಾಲೆಯ ಗೂಡಿನ ತಿರುಪನ್ನು ಸಡಿಲಿಸಿದರು. ಬುಸ್ ಎಂದು ಗಾಳಿ ಹೊರಟಿತು. ಅದರ ಜೊತೆಗೆ ಹೊರಟ ವಾಸನೆಗೆ ಅವರು ಎರಡು ಹೆಜ್ಜೆ ಹಿಂದೆ ಬಂದರು.

ಬಾಗಿಲಲ್ಲಿ ನಿಂತಿದ್ದ ಹುಚ್ಚಯ್ಯ ಮೂಗು ಅರಳಿಸಿ, "ಕೊಳೆತ ಕೋಳಿಮೊಟ್ಟೆ ವಾಸ್ನೆ ಕಣ್ ಬುದ್ಧಿ," ಎಂದ.

"ಬಾಯ್ಮುಚ್ಲಾ," ಎಂದರು ಯಜಮಾನರು. ತಲೆತಲಾಂತರದಿಂದ ಲಿಂಗ ಕಟ್ಟಿಕೊಂಡು ಬಂದ ಮನೆ. ಆ ಪದಾರ್ಥ ಹೊಸಿಲು ದಾಟುವುದಿರಲಿ, ಅದರ ಹೆಸರು ಕೂಡ ದಾಟಿರಲಿಲ್ಲ.

ಶಿವನಂಜಮ್ಮ ಸೆರಗನ್ನು ಮೂಗಿಗೆ ಹಿಡಿದು ಕಿಟಕಿಗಳನ್ನೆಲ್ಲ ತೆರೆದರು. ಬೆಚ್ಚಗಾದ ಅಷ್ಟಿಷ್ಟು ಗಾಳಿಯೂ ಹೊರಗೆ ಹೋಯಿತು.

ಇಷ್ಟಕ್ಕೇ ನಿಂತಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಕಾರ್ತಿಕ ಸೋಮವಾರ ಪೂಜೆಗೂ ಪ್ರಸಾದಕ್ಕೂ ವೀರಭದ್ರಸ್ವಾಮಿ ಎಂಬ ಅಯ್ಯನವರನ್ನು ಕರೆದಿದ್ದರು. ಅಯ್ಯನವರು ವಯಸ್ಸಾದವರು, ಮಂಜಿನಲ್ಲಿ ನಡೆದು ಬಂದಿದ್ದರು. ಅವರಿಗೆ ಬೆಚ್ಚನೆಯ ಕೋಣೆ ತೋರಿಸುವ ಆಸೆ ಷಣ್ಮುಖಪ್ಪನವರಿಗೆ. ದೇವರ ಕೋಣೆಯ ಗೂಡು ಮುಟ್ಟಿ ನೋಡಿದರೆ ತಣ್ಣಗಿತ್ತು. ಅಯ್ಯನವರು ಕಣ್ಣು ಮುಚ್ಚಿ ಕೂತಿದ್ದಾಗ, ಸದ್ದಾಗದಂತೆ ತಿರುಪು ತಿರುಗಿಸಿದರು.

ಅಯ್ಯನವರ ಕೈಯಲ್ಲಿದ್ದ ಬಿಲ್ವಪತ್ರೆ ಅಲ್ಲೇ ನಿಂತಿತು. ಅವರು ಕಣ್ಣು ತೆರೆದು ಮೊದಲು ದೇವರನ್ನು, ಆಮೇಲೆ ಯಜಮಾನರನ್ನು ನೋಡಿದರು.

"ಷಣ್ಮುಖಪ್ಪ, ಕಾಲ ಬದ್ಲಾಯ್ತದೆ, ನಂಗೂ ಗೊತ್ತು. ಆದ್ರೂ ಕಾರ್ತಿಕ ಸೋಮವಾರ ಮೊಟ್ಟೆ ಬೇಯಿಸ್ಬಾರ್ದಾಗಿತ್ತು."

ಯಜಮಾನರು ಅವಸರದಿಂದ ತಿರುಪನ್ನು ಬಿಗಿದರು. ಶಿವನಂಜಮ್ಮ ಆರತಿ ತಟ್ಟೆ ಕೆಳಗಿಟ್ಟು ಬಲು ವಿನಯದಿಂದ ಕೇಳಿದರು: "ನಮಗೆ ಇದ್ಯಾವ ವಾಸ್ನೆ ಅಂತ ತಿಳೀದೆ ಒದ್ದಾಡ್ತಿದ್ವಿ ಬುದ್ಧಿ. ತಮಗೆ ಹೆಂಗೆ ತಿಳೀತು?"

ಅಯ್ಯನವರು ಕೆಮ್ಮಿದರು. "ನಮ್ಮ ಮನೆ ಪಕ್ಕದಲ್ಲಿ ಕೋಳಿ ಸಾಕವ್ರೆ ಕಣವ್ವ," ಎಂದರು. ಬಿಲ್ವಪತ್ರೆಯ ತಟ್ಟೆ ಎತ್ತಿಕೊಂಡು, "ಪೂಜೆ ಜಗಲೀಲಿ ಮುಗಿಸಾಣ," ಎಂದರು. ಜಗಲಿಯಲ್ಲೇ ಪೂಜೆಯಾಯಿತು, ಜಗಲಿಯಲ್ಲೇ ಪ್ರಸಾದವಾಯಿತು. ಪಾಯಸವನ್ನು ಅವರು ಎರಡು ಸಲ ಹಾಕಿಸಿಕೊಂಡರು. ಆದರೆ ಷಣ್ಮುಖಪ್ಪನವರು ಒಲೆ ಪೈಪುಗಳ ವಿಷಯ ಎಷ್ಟು ವಿವರಿಸಿದರೂ ತಲೆಯಾಡಿಸಿದರೇ ಹೊರತು ನಂಬಿದ ಹಾಗೆ ಕಾಣಲಿಲ್ಲ.

ಪ್ರಸಾದಕ್ಕೆ ಬಂದಿದ್ದ ನೆರೆಮನೆಯ ಚಿಕ್ಕಬಸಮ್ಮ ಇದೆಲ್ಲವನ್ನೂ ಕಂಬದ ಮರೆಯಿಂದ ಕೇಳಿಸಿಕೊಂಡಿದ್ದರು. ಅವರ ಕಿವಿಗೆ ಬಿದ್ದದ್ದು ಸಂಜೆಗೆ ಪೇಟೆ ಮುಟ್ಟದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮರುದಿನ ಷಣ್ಮುಖಪ್ಪನವರು ಅಂಗಡಿ ಬಾಗಿಲು ತೆಗೆಯುತ್ತಿದ್ದಂತೆ ಎದುರು ಮಳಿಗೆಯ ಗೆಳೆಯ ಮುದ್ದಯ್ಯ ಕೇಳಿದರು: "ಏನಪ್ಪಾ, ಕೋಳೀದೋ ಬಾತ್ಕೋಳೀದೋ?"

ಮನೆಗೆ ಬಂದ ಷಣ್ಮುಖಪ್ಪನವರು ಯಾರಿಗೂ ಹೇಳದೆ ಉಪಾಯವೊಂದನ್ನು ಮಾಡಿದರು. ಲಾವಂಚದ ಬೇರನ್ನು ನೆನೆಸಿದ ನೀರಿಗೆ ಪನ್ನೀರು ಬೆರೆಸಿ, ಒಂದಿಷ್ಟು ಬೆಲ್ಲವನ್ನೂ ಕದಡಿ, ಆ ಕೊಡವನ್ನು ಅಟ್ಟಕ್ಕೆ ಹತ್ತಿಸಿ ತೊಟ್ಟಿಗೆ ಸುರಿದರು. ಬೆಲ್ಲ ಯಾಕೆ ಎಂದು ಅವರನ್ನು ಕೇಳಿದ್ದರೆ ಅವರಿಗೂ ಗೊತ್ತಿರಲಿಲ್ಲ. ಒಳ್ಳೆಯದಕ್ಕೆಲ್ಲ ಬೆಲ್ಲ ಹಾಕುತ್ತಾರೆ, ಅಷ್ಟೇ.

ಒಂದು ವಾರ ಕಳೆಯುವಷ್ಟರಲ್ಲಿ ತಿರುಪು ಮುಟ್ಟುವುದೇ ಬೇಡವಾಯಿತು. ವಾಸನೆ ತಾನಾಗಿಯೇ ಬರತೊಡಗಿತು.

"ಅಟ್ಟದ ಮೇಲಿಂದ ಮದುವೆಮನೆ ವಾಸ್ನೆ ಬತ್ತಾ ಅದೆ," ಎಂದರು ಶಿವನಂಜಮ್ಮ. "ಕೆಳಗೆ ಮಾತ್ರ ಅದೇ ವಾಸ್ನೆ. ಏನು ಹಾಕಿದ್ರಿ, ನಿಜ ಹೇಳಿ."

ಯಜಮಾನರು ಹೇಳಿದರು. ಶಿವನಂಜಮ್ಮ ನಗಲಿಲ್ಲ. ನಗು ತಡೆಯಲು ಅಡುಗೆಮನೆಗೆ ಹೋಗಿ ಬಂದರು. "ನೋಡ್ರೀ, ಊರಿನ ಬಾವಿಗೆಲ್ಲ ಬಿಳೀ ಪುಡಿ ಹಾಕಿಸ್ತಾರಲ್ಲ, ಆ ಹೆಲ್ತ್ ಇನ್‌ಸ್ಪೆಕ್ಟರು, ಅವರನ್ನ ಕರೀರಿ. ಇದು ನೀರಿನ ಕಾಯಿಲೆ. ಪನ್ನೀರಿಗೆ ಬಗ್ಗದಿಲ್ಲ."

ಇನ್‌ಸ್ಪೆಕ್ಟರ್ ಕಂಠಪ್ಪನವರು ಸೈಕಲ್ಲಿನಲ್ಲಿ ಬಂದರು. ಅವರೂ ಇಂಥದ್ದನ್ನು ಹಿಂದೆ ಕಂಡವರಲ್ಲ. ಅದನ್ನು ಒಪ್ಪಿಕೊಂಡೇ ಅಟ್ಟ ಹತ್ತಿದರು. ತೊಟ್ಟಿಗೆ ಮುಚ್ಚಳವಿರಲಿಲ್ಲ. ಒಳಗೆ ಎಲೆಗಳು, ಸತ್ತ ಹಲ್ಲಿ, ಲಾವಂಚದ ನಾರು. ಗೋಡೆ ಮುಟ್ಟಿದರೆ ಬೆಂಡೆಕಾಯಿಯ ಹಾಗೆ ಲೋಳೆ. ಇಳಿದು ಬಂದು ಪೈಪು ಮುಟ್ಟಿ, "ಯಾವಾಗ್ಲೂ ಇಷ್ಟೇನಾ ಬಿಸಿ?" ಎಂದು ಕೇಳಿದರು.

"ಮಗು ಸ್ನಾನಕ್ಕಾಗೋಷ್ಟು," ಎಂದರು ಷಣ್ಮುಖಪ್ಪನವರು ಹೆಮ್ಮೆಯಿಂದ.

"ಅದೇ ಆಗಿರೋದು ಸ್ವಾಮಿ. ಕಣ್ಣಿಗೆ ಕಾಣದ ಕ್ರಿಮಿಗಳು ಇರ್ತವೆ. ನಿಂತ ನೀರು, ಗಾಳಿಬೆಳಕು ಇಲ್ಲದ ಜಾಗ, ತಿನ್ನಕ್ಕೆ ಕಸಕಡ್ಡಿ, ಮೇಲೆ ಹಿತವಾದ ಬಿಸಿ. ಅವು ಮಕ್ಕಳು ಮರಿ ಮಾಡ್ಕೊಂಡು ಸುಖವಾಗಿವೆ. ಈ ಕೆಟ್ಟ ಗಾಳಿ ಬಿಡೋದು ಅವೇ ಇರ್ಬೇಕು."

"ಅಂದ್ರೆ," ಎಂದರು ಶಿವನಂಜಮ್ಮ, "ನಮ್ಮೋರು ಕೆರೆ ನೀರು ಕುಡಿಸಿ, ಬೆಲ್ಲ ತಿನ್ನಿಸಿ, ಬೆಚ್ಚಗೆ ಸಾಕವ್ರೆ. ನನ್ನ ಬಾಣಂತನಾನೂ ಇಷ್ಟು ಚೆನ್ನಾಗಿ ಮಾಡಿರ್ಲಿಲ್ಲ."

ಷಣ್ಮುಖಪ್ಪನವರು ಅಟ್ಟದ ಕಡೆ ನೋಡಿದರು.

ಮರುದಿನ ಬೆಳಗ್ಗೆ ನೀರು ಹೊರಬಿಡುವುದೆಂದಾಯಿತು. ಶಿವನಂಜಮ್ಮ ಅದಕ್ಕೆ ಮೊದಲು ಚಿಕ್ಕಬಸಮ್ಮನ ಮನೆಗೆ ಹೋಗಿ, "ಅಕ್ಕ, ಮನೇಲಿ ಕೆಲ್ಸ ಬಾಳ ಅದೆ, ಒಂಚೂರು ಕೈ ಜೋಡ್ಸಕ್ಕೆ ಬನ್ನಿ," ಎಂದು ಕರೆತಂದರು. ಸೀದಾ ಹಿತ್ತಿಲಿನ ನಲ್ಲಿಯ ಹತ್ತಿರ ನಿಲ್ಲಿಸಿ ಕೈಗೊಂದು ಬಕೆಟ್ಟು ಕೊಟ್ಟರು.

ಬಾಯ್ಲರಿನ ಬುಡದ ನಲ್ಲಿ ತುಕ್ಕು ಹಿಡಿದು ಕೂತಿತ್ತು. ಹುಚ್ಚಯ್ಯನ ಕೈಗೆ ಬಗ್ಗಲಿಲ್ಲ. "ಸರ್ಕೊಳ್ಲಾ," ಎಂದು ಷಣ್ಮುಖಪ್ಪನವರೇ ಮಂಡಿಯೂರಿ ಕೂತು ತಿರುವಿದರು. ನಲ್ಲಿ ಮೊದಲು ಗೊಣಗಿತು, ಆಮೇಲೆ ಒಮ್ಮೆಲೇ ಕಪ್ಪು ನೀರನ್ನು ಅವರ ಮುಖಕ್ಕೆ ಎರಚಿತು. ಶಾಯಿಯ ಹಾಗಿದ್ದ ನೀರು, ನಡುನಡುವೆ ಲೋಳೆಯ ಗಂಟು. ಉಳಿದದ್ದು ಚಿಕ್ಕಬಸಮ್ಮನ ಬಕೆಟ್ಟಿಗೆ ಬಿತ್ತು.

ಚಿಕ್ಕಬಸಮ್ಮ ಬಕೆಟ್ಟನ್ನು ಅಲ್ಲೇ ಬಿಟ್ಟು ಬಾವಿಕಟ್ಟೆಯವರೆಗೆ ಓಡಿದರು. "ಇದೇನಾ ಶಿವನಂಜಿ ಆ ವಾಸ್ನೆ? ಈ ನೀರಿಂದಾ?"

"ಇನ್ನೇನು ಅನ್ಕೊಂಡಿದ್ರಿ ಅಕ್ಕ?"

"ನಾನೇನು ಅನ್ಕೊಳ್ಲಿ. ಜನ ಏನೇನೋ ಅಂತಾರೆ," ಎಂದು ಅವರು ಸೀರೆ ಕೊಡವಿಕೊಂಡರು. ಅವತ್ತು ಮಧ್ಯಾಹ್ನದೊಳಗೆ ಪೇಟೆಗೆಲ್ಲ ಹೊಸ ಸುದ್ದಿ ಮುಟ್ಟಿತು. ಬಂಗಲೆಯ ಪೈಪಿನಲ್ಲಿ ಕಪ್ಪು ಕ್ರಿಮಿಗಳಿದ್ದವಂತೆ, ಒಂದೊಂದೂ ಹೆಬ್ಬೆಟ್ಟಿನ ಗಾತ್ರವಂತೆ.

ಕಂಠಪ್ಪನವರು ತೊಟ್ಟಿಯನ್ನು ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಕದಡಿದ ನೀರನ್ನು ಪೈಪುಗಳಿಗೆಲ್ಲ ತುಂಬಿಸಿದರು. "ರಾತ್ರಿಯೆಲ್ಲ ಬಿಡಬೇಡಿ, ಕಬ್ಬಿಣಾನೇ ತಿಂದುಬಿಡ್ತದೆ," ಎಂದು ಸ್ವಲ್ಪ ಹೊತ್ತಿಗೇ ಹೊರಗೆ ಹರಿಸಿಬಿಟ್ಟರು. ಆಮೇಲೆ ಬಾವಿಯ ನೀರು ಹಾಕುವುದು, ಬಿಡುವುದು. ಮೊದಲು ಕಪ್ಪು, ಆಮೇಲೆ ಕಾಫಿಯ ಬಣ್ಣ, ಆಮೇಲೆ ಅಕ್ಕಿ ತೊಳೆದ ನೀರು. ತಿಳಿಯಾಗುವ ಹೊತ್ತಿಗೆ ಹುಚ್ಚಯ್ಯನ ತೋಳು ಸೋತಿತ್ತು. ಯಜಮಾನರೂ ಹಗ್ಗ ಹಿಡಿದು ಬಾವಿ ಸೇದಿದರು. ಮಂಡಿಯ ನೋವು ಅವತ್ತೊಂದು ದಿನ ಅವರಿಗೆ ಮರೆತೇಹೋಗಿತ್ತು. ತೊಟ್ಟಿಗೆ ಬಡಗಿ ಹಲಸಿನ ಹಲಗೆಯ ಮುಚ್ಚಳ ಮಾಡಿಕೊಟ್ಟ. ಒಲೆಗೆ ಸೌದೆಯನ್ನು ಕಂಠಪ್ಪನವರೇ ನಿಂತು ಹಾಕಿಸಿದರು, ಪೈಪು ಮುಟ್ಟಿದರೆ ಕೈ ಹಿಂದಕ್ಕೆ ಬರುವಷ್ಟು.

ಆ ಸಂಜೆ ಗೂಡುಗಳು ಬುಡದಿಂದ ನೆತ್ತಿಯವರೆಗೆ ಬಿಸಿಯಾದವು. ತಿರುಪು ಸಡಿಲಿಸಿದರೆ ಬರೀ ನೀರಿನ ಹನಿ. ಶಿವನಂಜಮ್ಮ ಬಗ್ಗಿ ಮೂಸಿ ನೋಡಿದರು. "ಏನೂ ಇಲ್ಲ," ಎಂದರು. ಹೊಗಳಿಕೆಯಲ್ಲಿ ಅವರು ಅದಕ್ಕಿಂತ ಮುಂದೆ ಹೋಗುವವರಲ್ಲ.

ಪುಷ್ಯದಲ್ಲಿ ಅಯ್ಯನವರನ್ನು ಮತ್ತೆ ಕರೆದರು. ದೇವರ ಕೋಣೆಯ ಹೊಸಿಲಿನಲ್ಲಿ ಅವರು ನಿಂತು ಮೂಗಿನಲ್ಲೇ ಮೊದಲು ವಿಚಾರಿಸಿಕೊಂಡು ಒಳಗೆ ಬಂದರು. ಪೂಜೆ ನಿಧಾನವಾಗಿ ನಡೆಯಿತು. ಪ್ರಸಾದವಾದ ಮೇಲೆ ಗೂಡಿಗೆ ಬೆನ್ನು ಕೊಟ್ಟು ಕೂತವರು ಹಾಗೇ ತೂಕಡಿಸಿದರು. ಎದ್ದು, "ಮಂಜು ಜಾಸ್ತಿ ಅದೆ, ನಾಳೆ ಹೋದ್ರಾಯ್ತು," ಎಂದರು. ಆ ನಾಳೆ ಬರಲು ಐದಾರು ದಿನ ಹಿಡಿಯಿತು. ಹೊರಡುವಾಗ ಷಣ್ಮುಖಪ್ಪನವರ ತಲೆಯ ಮೇಲೆ ಕೈಯಿಟ್ಟು, "ನಾನು ಅವತ್ತೇನೋ ಅಂದೆ, ಮನಸ್ಸಿಗೆ ಹಾಕ್ಕೋಬೇಡ," ಎಂದರು. ಷಣ್ಮುಖಪ್ಪನವರ ಕಣ್ಣು ತುಂಬಿತು.

ಕಂಠಪ್ಪನವರು ಹೋಗುವ ಮುನ್ನ ಇನ್ನೊಂದು ಮಾತು ಹೇಳಿದ್ದರು. ನೀರು ನಿಂತರೆ ಮತ್ತೆ ಅದೇ ಕಥೆ, ಆದ್ದರಿಂದ ಬೇಸಿಗೆಯಲ್ಲೂ ತಿಂಗಳಿಗೊಂದು ಸಲ ಒಲೆ ಹಚ್ಚಿ ಚೆನ್ನಾಗಿ ಕಾಯಿಸಬೇಕು. ಷಣ್ಮುಖಪ್ಪನವರು ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಚೈತ್ರದ ಉರಿಬಿಸಿಲಿನಲ್ಲಿ ಬಂಗಲೆಯ ಒಲೆ ಧಗಧಗ ಉರಿಯುತ್ತಿದ್ದರೆ, ಮನೆಯವರೆಲ್ಲ ಹೊರಗೆ ಹೊಂಗೆಮರದ ಕೆಳಗೆ ಕೂತಿರುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು, ಯಾಕೆ ಎಲ್ಲ ಆಚೆ ಕೂತಿದ್ದೀರಿ ಎಂದು ಕೇಳುತ್ತಿದ್ದರು.

"ನಮ್ಮ ಯಜಮಾನ್ರು ಮನೆಗೆ ಕಷಾಯ ಕುಡಿಸ್ತಾವ್ರೆ," ಎನ್ನುತ್ತಿದ್ದರು ಶಿವನಂಜಮ್ಮ, ಬೀಸಣಿಗೆಯನ್ನು ಗಂಡನ ಕಡೆಗೂ ಸ್ವಲ್ಪ ತಿರುಗಿಸಿ.