ಸೀಮೆಸುಣ್ಣದ ಅಡುಗೆಮನೆ

ಮರುದಿನ ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ಬಂದು ಹೊಸ ಮನೆಯ ಅಡುಗೆಮನೆಗೂ ಹಾಲ್‌ಗೂ ನಡುವೆ ಗೋಡೆ ಎಬ್ಬಿಸುವವನಿದ್ದ. ಆ ಗೋಡೆ ಬೇಕೋ ಬೇಡವೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ.

ಹಗಲು ಹೊಲಿಗೆ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಎಂಟು ತಿಂಗಳು ನಕ್ಷೆ ಬರೆಯಲು ಕಲಿತವಳು ನಾನು. ಆ ಧೈರ್ಯದ ಮೇಲೆ ಹನ್ನೊಂದು ನಕ್ಷೆ ಬರೆದಿದ್ದೆ. ಆರರಲ್ಲಿ ಗೋಡೆ ಇತ್ತು, ಐದರಲ್ಲಿ ಇರಲಿಲ್ಲ. ಅಡುಗೆ ಮಾಡುವವರು ಅತ್ತೆಯಾದ್ದರಿಂದ ಒಂದೊಂದನ್ನೂ ಅವರ ಮುಂದೆ ಹಿಡಿದಿದ್ದೆ. ಹನ್ನೊಂದು ಸಲವೂ ಒಂದೇ ಉತ್ತರ: "ನೀನು ಓದಿದವಳು, ನಿನಗೆ ಸರಿ ಕಂಡ ಹಾಗೆ ಮಾಡಮ್ಮ."

ಸೊಸೆಯ ಪಾಲಿಗೆ ಇದಕ್ಕಿಂತ ಭಯಂಕರ ಮಾತಿಲ್ಲ. ನಾನು ತಪ್ಪಿದರೆ ಅವರು ಬದುಕಿಡೀ ಆ ತಪ್ಪಿನೊಳಗೇ ನಿಂತು ಅಡುಗೆ ಮಾಡಬೇಕು. ಒಂದು ದಿನವೂ ಬಾಯಿಬಿಟ್ಟು ಹೇಳುವವರಲ್ಲ.

ಕಾಗದದ ಗೆರೆಗಳು ಅವರಿಗೆ ಮನೆಯಾಗಿ ಕಾಣುವುದೇ ಇಲ್ಲವೇನೋ ಎಂದು ನನಗೆ ಹೊಳೆದದ್ದು ಆ ಸಂಜೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಟೇಪು ಹಿಡಿದು ಎಲ್ಲರನ್ನೂ ಹೊಸ ಮನೆಗೆ ಹೊರಡಿಸಿದೆ. ಬರಿ ನೆಲದ ಮೇಲೆ ಗೋಡೆ, ಬಾಗಿಲು, ಒಲೆ, ಸಿಂಕು, ಫ್ರಿಜ್ಜು, ಸೋಫಾ ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಬರೆದೆ.

"ಒಂದು ಗಂಟೆ ಇದರೊಳಗೆ ಸಂಸಾರ ಮಾಡಿ" ಎಂದೆ.

ಗಂಡ ಬಣ್ಣದ ಡಬ್ಬಿ ಬೋರಲು ಹಾಕಿ ಸೋಫಾದಲ್ಲಿ ಕೂತ. ಅತ್ತೆ ಒಲೆಯ ಮುಂದೆ ನಿಂತು ಗಾಳಿಯಲ್ಲೇ ಸೌಟು ತಿರುಗಿಸತೊಡಗಿದರು. ನಾದಿನಿ ಗೆರೆ ದಾಟಿ ನೇರ ಒಳಗೆ ನಡೆದಳು.

"ಗೋಡೆ ತೂರಿ ಬರ್ತೀಯಲ್ಲೇ, ದೆವ್ವಾನಾ ನೀನು? ಬಾಗಿಲ ಕಡೆಯಿಂದ ಬಾ" ಎಂದರು ಅತ್ತೆ.

ಅವಳು ಸುತ್ತಿ ಬಂದು ಫ್ರಿಜ್ಜಿನ ಬಾಗಿಲು ಎಳೆದಂತೆ ಮಾಡಿದಳು. "ಅತ್ತಿಗೆ, ಇದನ್ನ ಪೂರ್ತಿ ತೆಗೆದ್ರೆ ಅಮ್ಮ ಒಲೆ ಮೇಲೆ ಕೂರ್ಬೇಕು."

ಹನ್ನೊಂದು ನಕ್ಷೆಯಲ್ಲೂ ಫ್ರಿಜ್ಜಿಗೆ ಜಾಗ ಕೊಟ್ಟಿದ್ದೆ, ಅದರ ಬಾಗಿಲಿಗೆ ಕೊಟ್ಟಿರಲಿಲ್ಲ. ಅಳಿಸಿ ಮೂಲೆಗೆ ಸರಿಸಿದೆ. ಆಮೇಲೆ ಹಾಲ್‌ನಿಂದ ಕೇಳಿದೆ: "ಅತ್ತೆ, ಅಲ್ಲಿ ನಿಂತ್ರೆ ಹೇಗನಿಸುತ್ತೆ?"

ಅವರು ಸೌಟು ತಿರುಗಿಸುತ್ತಲೇ ಇದ್ದರು. ಮೂರು ಸಲ ಕೂಗಿ, ಬಾಗಿಲ ಕಡೆಯಿಂದ ಹೋಗಿ ಎದುರಿಗೆ ನಿಂತೆ.

"ಕರೆದ್ಯಾ? ಗೋಡೆ ಅಡ್ಡ ಇದೆ ನೋಡು, ಕೇಳಿಸ್ಲಿಲ್ಲ."

ಗಂಡ ತಂಗಿಯತ್ತ ಕಣ್ಣು ಹೊಡೆದ. "ಮೊನ್ನೆ ಅಮ್ಮನ ಅಡುಗೆ ಉಂಡು ಎರಡು ಚೊಂಬು ನೀರು ಕುಡಿದೆ ಕಣೇ. ಉಪ್ಪಿನ ಡಬ್ಬಿನೇ ಬೋರಲು ಹಾಕಿದ್ಲೇನೋ."

"ಮೂರು ಸಲ ಬಡಿಸ್ಕೊಂಡು ತಿಂದೋನು ಯಾರೋ?"

"ಗೋಡೆ ಇದ್ರೂ ಕೇಳಿಸ್ತಾ ಅಮ್ಮ?"

"ಗೋಡೆಗೇ ಕಿವಿ ಇರತ್ತಂತೆ, ನನಗಿರಬಾರ್ದಾ?"

ಅವರಿಗೆ ನಮ್ಮ ಮಾತಿನಲ್ಲಿ ಸೇರಬೇಕು, ಗೋಡೆ ಬೇಡ; ಸಿಕ್ಕಿತು ಉತ್ತರ ಎಂದುಕೊಂಡು ಗೋಡೆಯನ್ನು ಒರೆಸಿಬಿಟ್ಟೆ. ಅತ್ತೆಯ ಸೌಟು ನಿಂತಿತು. ನಮಗೆ ಬೆನ್ನು ಮಾಡಿ, ಕುಗ್ಗಿ ನಿಂತರು.

"ಏನತ್ತೆ?"

"ಏನಿಲ್ಲ. ನೀನು ಓದಿದವಳು..."

"ಫ್ರಿಜ್ ಬಾಗಿಲು ಮರೆತಷ್ಟು ಓದಿದವಳು. ನೀವು ಹೇಳೋವರೆಗೂ ನಾನು ಇಲ್ಲಿಂದ ಏಳಲ್ಲ" ಎಂದು ಒರೆಸಿದ ಗೋಡೆಯ ಜಾಗದಲ್ಲೇ ಕೂತುಬಿಟ್ಟೆ.

ಅವರು ಸೌಟು ಪಕ್ಕಕ್ಕಿಟ್ಟಂತೆ ಮಾಡಿ ನನ್ನತ್ತ ತಿರುಗಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಸಂತೇಲಿ ನಿಂತ ಹಾಗಾಗತ್ತಮ್ಮ. ನಿಮ್ಮ ಮಾತು ನನಗೆ ಕೇಳಿಸ್ಬೇಕು, ಮುಖ ಕಾಣ್ಬೇಕು. ಆದ್ರೆ ನಾನು ಅಂಗೈಗೆ ಹಾಕ್ಕೊಂಡು ರುಚಿ ನೋಡೋದು, ಬಿದ್ದ ತರಕಾರಿ ಎತ್ತಿ ಪಾತ್ರೆಗೆ ಹಾಕೋದು ಯಾರಿಗೂ ಕಾಣ್ಬಾರ್ದು."

"ಬಿದ್ದದ್ದನ್ನಾ?" ಎಂದ ಗಂಡ.

"ತೊಳೆದೇ ಹಾಕ್ತೀನಿ, ಸುಮ್ನಿರೋ."

ನನ್ನ ಕೈ ತಾನಾಗಿ ಟೇಪಿಗೆ ಹೋಯಿತು. ಕೂತ ಗಂಡನ ಕಣ್ಣಿನ ಎತ್ತರ, ನಿಂತ ಅತ್ತೆಯ ಮೊಣಕೈ, ಭುಜ ಎಲ್ಲ ಅಳೆದೆ. ಲೆಕ್ಕ ಸರಿಯೋ ಎಂಬ ಭಯಕ್ಕೆ ಇನ್ನೊಮ್ಮೆ ಅಳೆದೆ. ನಾಲ್ಕಡಿ ಎತ್ತರದ ಗೋಡೆ ಸಾಕು. ನಾನೂ ನಾದಿನಿಯೂ ಆ ಎತ್ತರಕ್ಕೆ ದುಪ್ಪಟ್ಟಾ ಬಿಗಿದು ಹಿಡಿದೆವು. ಅತ್ತೆ ಅದರಾಚೆ ನಿಂತು, ತುಸು ಬಾಗಿ ಅಂಗೈ ನೆಕ್ಕಿ ಪರೀಕ್ಷೆ ಮಾಡಿದರು.

"ಕಾಣಿಸ್ತೇನೋ?"

"ಇಲ್ಲ" ಎಂದ ಗಂಡ.

"ಸುಳ್ಳ. ಕತ್ತು ಚಾಚಿದೀಯ. ಇನ್ನೂ ಮೂರು ಬೆರಳು ಮೇಲೆ ಹಿಡೀರಿ."

ಹಿಡಿದೆವು. ಅತ್ತೆ ಬಾಗಿಲ ಕಡೆಯಿಂದಲೇ ಹೊರಗೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಡೀ ಜಾಗವನ್ನು ಒಂದು ಸುತ್ತು ನೋಡಿದರು.

"ಸಿಂಕು ಎಡಕ್ಕೆ ಬರಲಿ. ಒಲೆ ಕಿಟಕಿಯಿಂದ ಆಚೆಗೆ, ಗಾಳಿಗೆ ಉರಿ ಆರತ್ತೆ. ಮತ್ತೆ ಈ ಸೋಫಾ, ನಡೆಯೋ ದಾರೀಲಿ ಇದನ್ನ ಇಟ್ಟೋರು ಯಾರು?"

"ನಾನೇ ಅತ್ತೆ" ಎಂದೆ. ಬೈಸಿಕೊಂಡು ಅಷ್ಟು ಹಗುರಾದದ್ದು ಅದೇ ಮೊದಲು.