ಹನ್ನೆರಡಕ್ಕೆ ನಿಲ್ಲದ ಹಾಡು

"ಚಕ್ರ ಕಟ್ರೋ! ಓಡೋಕೆ ಬಿಡ್ಬೇಡಿ!"

ಜನ ಕೂಗುವಷ್ಟರಲ್ಲೇ ಯಾರೋ ಹಗ್ಗ ತಂದು ಎರಡು ಬಂಡಿಗಳ ಚಕ್ರಗಳನ್ನು ಒಂದಕ್ಕೊಂದು ಬಿಗಿದೇಬಿಟ್ಟರು. ಬಂಡಿಯ ಮೇಲೆ ಕಹಳೆ ಹಿಡಿದು ನಿಂತಿದ್ದ ಒನೆಸಿಮ್ 'ಕೆಟ್ಟೆ' ಅಂದುಕೊಂಡ. ಸಂಜೆಯ ಕುಣಿತಕ್ಕೆ ಜನರನ್ನು ಕರೆಯಲು ಹೊರಟ ಎರಡು ಮೇಳಗಳು ನ್ಯೂ ಆರ್ಲಿಯನ್ಸ್‌ನ ಬೀದಿಯಲ್ಲಿ ಎದುರಾದರೆ ಇದೇ ಗತಿ. ಒಬ್ಬರು ಸೋಲುವ ತನಕ ಹಗ್ಗ ಬಿಚ್ಚುವಂತಿಲ್ಲ. ಜನ ಗೆದ್ದವರ ಹಿಂದೆ ಹೋಗುತ್ತಾರೆ. ಇವತ್ತೂ ಕುಣಿತದ ಹಾಲ್ ಖಾಲಿ ಹೊಡೆದರೆ ಇನ್ನು ನೀವು ಬರಲೇಬೇಡಿ ಎಂದು ಅದರ ಯಜಮಾನ ಹೇಳಿಯಾಗಿತ್ತು. ಆಮೇಲೆ ಒನೆಸಿಮ್‌ಗೆ ಮತ್ತೆ ಚುಟ್ಟಾ ಸುತ್ತುವ ಕೆಲಸವೇ.

"ಏನ್ ಒನಿ, ಮುಖ ಸಪ್ಪಗಾಯ್ತು?" ಎದುರು ಬಂಡಿಯಿಂದ ಪ್ಲಾಸಿಡ್ ಕೆಣಕಿದ. ಅವನ ಕಹಳೆಗೆ ಕಿಟಕಿಯ ಗಾಜು ನಡುಗುತ್ತಿತ್ತು.

ಒನೆಸಿಮ್‌ನವರು ಎರಡು ಚುರುಕು ಹಾಡು ನುಡಿಸಿದರು. ಪ್ಲಾಸಿಡ್ ಎರಡನ್ನೂ ನುಂಗಿ ನೀರು ಕುಡಿದ. ಜನ ಮೆಲ್ಲಗೆ ಆ ಕಡೆ ಸರಿಯತೊಡಗಿದರು.

ಅಷ್ಟರಲ್ಲಿ ಒನೆಸಿಮ್‌ನ ಪಕ್ಕ ನಿಂತಿದ್ದ ಹೋಸಿಯಾ ಗಿಟಾರ್ ಮೀಟಿದ. ಒನೆಸಿಮ್‌ನ ಹೆಂಡತಿ ಲೂವೆನಿಯಾಳ ಅಣ್ಣ. ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಬಂದು ತಿಂಗಳಾಗಿತ್ತು. ಒಬ್ಬನೇ ಕೂತು ಬ್ಲೂಸ್ ಎಂಬ ಅಳಲಿನ ಪದ ಹಾಡಿ ಅಭ್ಯಾಸವಾದವನು. ತಾಳದ ಹನ್ನೆರಡು ಆವರ್ತಕ್ಕೆ ಮುಗಿಯಬೇಕಾದ ಪದ ಅವನ ಬಾಯಲ್ಲಿ ಹದಿಮೂರಕ್ಕೋ ಹದಿನಾಲ್ಕಕ್ಕೋ ಮುಗಿಯುತ್ತಿತ್ತು. "ಭಾವ, ಸ್ವಲ್ಪ ಎಣಿಸ್ಕೊಂಡು ಹಾಡಿ, ನಾವು ಆರು ಜನ ಇದೀವಿ" ಎಂದು ಒನೆಸಿಮ್ ನಿನ್ನೆ ಗೋಗರೆದಿದ್ದ. "ಅಳೋನು ಎಣಿಸ್ಕೊಂಡು ಅಳ್ತಾನೇನಪ್ಪಾ?" ಎಂದು ಹೋಸಿಯಾ ನಕ್ಕುಬಿಟ್ಟಿದ್ದ.

ಈಗ ಅವನು ಕಣ್ಣು ಮುಚ್ಚಿ ಎತ್ತಿಕೊಂಡ:

"ಯಜಮಾನನ ಹೇಸರಗತ್ತೆಗೂ ಒಂದು ಹೆಸರೈತೆ, ನನ್ನ ಮಾತ್ರ 'ಏಯ್' ಅಂತಾನೇ..."

ಸರಿಯುತ್ತಿದ್ದವರು ನಿಂತರು. ಆದರೆ ಕೊನೆಯ ಸ್ವರವನ್ನು ಹೋಸಿಯಾ ಬಿಡಲೇ ಇಲ್ಲ, ಎಳೆದ, ಎಳೆದ. ಲೆಕ್ಕ ತಪ್ಪದ ಕ್ಲಾರಿನೆಟ್ಟಿನವನು ನಡುವೆ ನುಗ್ಗಿದ, ಡ್ರಮ್ಮು ಎಡವಿತು, ಎಲ್ಲ ಕಲಸುಮೇಲೋಗರವಾಯಿತು. ಜನ ಗೊಳ್ಳೆಂದರು. ಒನೆಸಿಮ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ರೀ! ಕಾಲಲ್ಲಿ ತಾಳ ಹಾಕೋದು ನಿಲ್ಸಿ!" ಗುಂಪಿನಿಂದ ಲೂವೆನಿಯಾ ಕಿರುಚಿದಳು. "ಅಣ್ಣನ ಬಾಯಿ ನೋಡಿ!"

ಒನೆಸಿಮ್ ಕಾಲು ನಿಲ್ಲಿಸಿ ನೋಡಿದ. ಹೋಸಿಯಾ ಅದೇ ಸಾಲನ್ನು ಮತ್ತೆ ಎತ್ತಿಕೊಂಡು ಎಳೆದ. ಒನೆಸಿಮ್ ಕೈಯೆತ್ತಿ ಉಳಿದವರನ್ನು ತಡೆದ. ಭಾವನ ಎದೆ ಇಳಿದು ಉಸಿರು ಮುಗಿದ ಮೇಲೆಯೇ ಕಹಳೆ ಊದಿದ, ಹೂಂಗುಟ್ಟುವಷ್ಟೇ ಮೆತ್ತಗೆ. ಹೋಸಿಯಾ ಕಣ್ಣು ತೆರೆದ. ಇಷ್ಟು ವರ್ಷ ಅವನ ಹಾಡಿಗೆ ಗಿಟಾರ್ ಮಾತ್ರ ಉತ್ತರ ಕೊಡುತ್ತಿತ್ತು. ಅವನ ಮುಖ ಅರಳಿತು.

"ಇವತ್ತು ಬಂಡಿ ಹತ್ತಿ ನಿಂತೀನಿ, ಹೇಳ್ರವ್ವಾ, ನನ್ನ ಹೆಸರೇನು?"

"ಹೋಸಿಯಾ!" ಲೂವೆನಿಯಾ ಕೂಗಿದಳು.

ಒನೆಸಿಮ್‌ನ ಕಹಳೆ ಆ ಹೆಸರನ್ನು ಮೂರು ಸ್ವರದಲ್ಲಿ ಕೂಗಿತು. ಕ್ಲಾರಿನೆಟ್ಟು ಅದನ್ನೇ ತಿರುಚಿ ಮೇಲೇರಿಸಿತು, ಡ್ರಮ್ಮು ಕುಣಿಸಿತು. ಒಬ್ಬನ ಅಳಲು ಆರು ಜನರ ಬಾಯಿಗೆ ಬಿದ್ದು ಒಬ್ಬೊಬ್ಬರೂ ಒಂದೊಂದು ಥರ ಕೂಗತೊಡಗಿದರೂ ಯಾರ ಕಾಲನ್ನೂ ಯಾರೂ ತುಳಿಯಲಿಲ್ಲ. ಆಹಾ, ಅದೇನು ಗದ್ದಲ, ಅದೇನು ಸೊಗಸು! ಬೀದಿಗೆ ಬೀದಿಯೇ "ಹೋಸಿಯಾ!" ಎಂದು ಕುಣಿಯಿತು. ಪ್ಲಾಸಿಡ್ ಕೂಡ ತಡೆಯಲಾರದೆ ಅದೇ ಹೆಸರು ಊದಿ, ನಗುತ್ತಾ ಟೋಪಿ ತೆಗೆದ.

"ಬಿಚ್ರಪ್ಪಾ ಹಗ್ಗ, ಸೋತೆ. ಸಂಜೆ ನಾನೂ ನಿಮ್ಮ ಹಾಲ್‌ಗೇ ಬರ್ತೀನಿ."

ಜನರೆಲ್ಲ ಒನೆಸಿಮ್‌ನ ಬಂಡಿಯ ಹಿಂದೆ ಹೊರಟರು. ಹೋಸಿಯಾ ಮಾತ್ರ ಕೆಳಗಿಳಿದು ಬಂಡಿ ಎಳೆಯುತ್ತಿದ್ದ ಹೇಸರಗತ್ತೆಯ ಪಕ್ಕ ನಡೆಯತೊಡಗಿದ.

"ಇದರ ಹೆಸರೇನಪ್ಪಾ?"

"ಬಾಡಿಗೆ ಕತ್ತೆ," ಅಂದ ಬಂಡಿಯವನು. "ಹೆಸರೆಲ್ಲಿಂದ ಬರ್ಬೇಕು?"

ಹೋಸಿಯಾ ಅದರ ಕುತ್ತಿಗೆ ಸವರಿದ. ಹಾಲ್ ಬರುವ ತನಕ, ಕಿವಿಯ ಹತ್ತಿರ ಬಾಗಿ, ಒಂದೊಂದೇ ಹೆಸರು ಹೇಳಿ ನೋಡುತ್ತಾ ನಡೆದ.