ತಮ್ಮನ ಪ್ರೊಫೈಲು

ಹೆಂಡತಿಯ ಮನೆಯವರು ಅವನಿಗೆ ಇಟ್ಟ ಹೆಸರು ಪಾಸ್‌ವರ್ಡ್ ಭಾವ. ಅವನ ಕಸುಬು ಬೇರೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಲೆನ್ಸುಗಳನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು. ಹದಿನೆಂಟು ವರ್ಷದಿಂದ ಅದೇ ಕೆಲಸ, ಅದೇ ಸ್ಟೂಲು. ಆದರೆ ಜೀವವೆಲ್ಲ ಇದ್ದದ್ದು ಫೋನಿನಲ್ಲಿ. ಓದಿ ಕಲಿತವನಲ್ಲ, ಕೆದಕಿ ಕೆದಕಿ ಕಲಿತವನು. ಯಾವುದೇ ಸಿನಿಮಾ ಆ್ಯಪ್ ಒಂದು ತಿಂಗಳು ಉಚಿತ ಎಂದರೆ ಅದನ್ನು ವರ್ಷವಿಡೀ ಎಳೆಯುವ ದಾರಿ ಅವನಿಗೆ ಗೊತ್ತಿತ್ತು. ಅತ್ತೆಯ ಟೀವಿ, ಭಾವಮೈದುನನ ಟೀವಿ, ಬೀದಿ ತುದಿಯ ಕ್ಷೌರದ ಅಂಗಡಿಯ ಟೀವಿ, ಎಲ್ಲದರಲ್ಲೂ ಅವನ ಕೈಚಳಕವಿತ್ತು. ನಾಲ್ಕು ಜನ ಸೇರಿದ ಕಡೆ ಅತ್ತೆ, ನಮ್ಮ ಅಳಿಯ ಇದ್ದರೆ ಟಿಕೆಟ್ಟೇ ಬೇಡ ಎಂದು ಹೊಗಳಿದರೆ ಅವನು ಏನೂ ಕೇಳಿಸದವನಂತೆ ಮುಖ ಮಾಡಿಕೊಂಡು ಒಳಗೊಳಗೇ ಉಬ್ಬುತ್ತಿದ್ದ. ಹೆಂಡತಿ ಮಾತ್ರ, ಊರಿಗೆಲ್ಲ ಸಿನಿಮಾ ತೋರಿಸುವವರಿಗೆ ಮನೆಯ ನಲ್ಲಿ ಸೋರುವುದು ಕಾಣುವುದಿಲ್ಲ ಎಂದು ಗೊಣಗುತ್ತಿದ್ದಳು.

ಅವನಂಥ ಹುಚ್ಚಿನವರದೇ ಒಂದು ಗುಂಪು ಫೋನಿನಲ್ಲಿತ್ತು. ಒಂದು ದಿನ ಯಾರೋ ಅದರಲ್ಲಿ ಉದ್ದನೆಯ ಪಟ್ಟಿಯೊಂದನ್ನು ಹಾಕಿದರು. ಎಲ್ಲಿಂದಲೋ ಸೋರಿಹೋದ, ಯಾರು ಯಾರದೋ ಖಾತೆಗಳ ಪಾಸ್‌ವರ್ಡುಗಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವನು ಒಂದೊಂದನ್ನೇ ಪ್ರಯತ್ನಿಸುತ್ತ ಹೋದ. ಹದಿನಾಲ್ಕನೆಯದು ತೆರೆಯಿತು.

ಒಳಗೆ ಎರಡೇ ಪ್ರೊಫೈಲು. ಒಂದರ ಹೆಸರು ಅಕ್ಕ, ಇನ್ನೊಂದರದ್ದು ತಮ್ಮ. ಅಕ್ಕನದರಲ್ಲಿ ಹಳೆಯ ಸಿನಿಮಾಗಳು, ನಿನ್ನೆಯವರೆಗೂ ನೋಡಿದ್ದು. ತಮ್ಮನದರಲ್ಲಿ ಎಲ್ಲ ನಿಂತುಹೋಗಿತ್ತು. ಬೆಟ್ಟದ ರೈಲು ಹಳಿ ಕಾಯುವವರ ಬಗ್ಗೆ ಒಂದು ಧಾರಾವಾಹಿ ಏಳನೆಯ ಕಂತಿನ ನಡುವೆ ನಿಂತಿತ್ತು. ಚಿತ್ರದ ಕೆಳಗೆ ಕೆಂಪು ಗೆರೆ ಅರ್ಧಕ್ಕೆ ಬಂದು ಉಳಿದಿತ್ತು. ಹೊಸ ಪ್ರೊಫೈಲು ಮಾಡಿದರೆ ಯಜಮಾನರ ಕಣ್ಣಿಗೆ ಬೀಳುತ್ತದೆ, ಯಾರೂ ಕೂರದ ಈ ಕುರ್ಚಿಯಲ್ಲೇ ಕೂತರೆ ಯಾರಿಗೆ ಗೊತ್ತಾಗುತ್ತದೆ ಎಂದು ಅವನು ಲೆಕ್ಕ ಹಾಕಿದ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಆ ಸಂಜೆ ಮನೆಯ ಟೀವಿಯಲ್ಲಿ ಹಾಕಿ, ಅಲ್ಲೇ ಇತ್ತಲ್ಲ ಎಂದು, ರೈಲಿನ ಧಾರಾವಾಹಿಯನ್ನು ನಿಂತಲ್ಲಿಂದಲೇ ಮುಂದುವರಿಸಿದ. ಚೆನ್ನಾಗಿತ್ತು. ಹತ್ತು ದಿನದಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಅದನ್ನು ಮುಗಿಸಿದರು.

ಮರುದಿನ ಟೀವಿ ಹಾಕಿದಾಗ 'ತಮ್ಮ' ಎಂಬ ಹೆಸರಿನ ಜಾಗದಲ್ಲಿ ಬೇರೆ ಅಕ್ಷರಗಳಿದ್ದವು: 'ತಮ್ಮ ನೀನೇನಾ'.

ಸಿಕ್ಕಿಬಿದ್ದೆ ಎಂದುಕೊಂಡು ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ. ಪಾಸ್‌ವರ್ಡ್ ಬದಲಾಯಿಸಿರುತ್ತಾರೆ ಎಂದು ಐದನೆಯ ದಿನ ನೋಡಿದರೆ ಬಾಗಿಲು ತೆರೆದೇ ಇತ್ತು. ಹೆಸರು ಮಾತ್ರ ಮತ್ತೆ ಬದಲಾಗಿತ್ತು: 'ಹೆದರಬೇಡ. ನೋಡು.'

ಅಕ್ಕತಮ್ಮಂದಿರ ಏನೋ ಆಟವಿರಬೇಕು ಎಂದು ಅವನು ನಕ್ಕ. ಹೆಂಡತಿ ನಗಲಿಲ್ಲ. ಯಾರೋ ಯಾರನ್ನೋ ಕಾಯುತ್ತಿರುವ ಹಾಗಿದೆ, ಬಿಟ್ಟುಬಿಡಿ ಎಂದಳು. ಅವನು ಬಿಡಲಿಲ್ಲ. ಅಷ್ಟು ಹೊತ್ತಿಗೆ ಅತ್ತೆಯ ಮನೆಗೂ ಅದೇ ಖಾತೆಯನ್ನು ಕೊಟ್ಟಾಗಿತ್ತು. ಈಗ ತೆಗೆದರೆ ಅಳಿಯನ ಮರ್ಯಾದೆ ಏನಾಗಬೇಕು.

ವಾರಕ್ಕೊಮ್ಮೆ ಹೆಸರು ಬದಲಾಗುತ್ತಿತ್ತು. 'ಹೊತ್ತಿಗೆ ಊಟ ಮಾಡು.' 'ಚಳಿ ಜಾಸ್ತಿ ಆಗಿದೆ.' 'ನಿನ್ನ ಸೈಕಲ್ ಇಟ್ಟಿದ್ದೀನಿ.' ಹೆಸರಿನ ಜಾಗದಲ್ಲಿ ಹಿಡಿಸುವುದೇ ಅಷ್ಟು, ಮೂರು ನಾಲ್ಕು ಪದ. ಅವನು ಅದನ್ನು ಓದಿ, ಓದದವನ ಹಾಗೆ ಗುಂಡಿ ಒತ್ತಿ, ಸಿನಿಮಾ ನೋಡುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಐದು ತಿಂಗಳು ಕಳೆಯಿತು.

ಆಮೇಲೆ ಒಂದು ಸಂಜೆ ಹೀಗೆ ಕಂಡಿತು: 'ಅಪ್ಪ ಹೋದರು. ಬೈಯೋರಿಲ್ಲ, ಬಾ.'

ಅವನು ರಿಮೋಟನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತನೋ. ಅಡುಗೆಮನೆಯಿಂದ ಹೆಂಡತಿ ಎರಡು ಸಲ ಕರೆದಳು. ಇಷ್ಟು ದಿನ ಬರೀ ಅಕ್ಷರಗಳಾಗಿದ್ದದ್ದು ಅಂದು ಅವನಿಗೆ ಒಬ್ಬ ಹೆಂಗಸಾಗಿ ಕಂಡಿತು. ತಂದೆ ಬೈದದ್ದಕ್ಕೆ ಮನೆ ಬಿಟ್ಟುಹೋದ ತಮ್ಮ. ತಂದೆಯೂ ಹೋದ ಮೇಲೆ ಒಬ್ಬಳೇ ಉಳಿದು ಕರೆಯುತ್ತಿರುವ ಅಕ್ಕ. ಇವಳಿಗೆ ಏನಾದರೂ ಒಂದು ಸಮಾಧಾನ ಹೇಳಬೇಕು ಅನ್ನಿಸಿತು. ಹೇಳುವ ದಾರಿ ಒಂದೇ ಇತ್ತು. ಅವನು ಆ ಅಕ್ಷರಗಳನ್ನು ಅಳಿಸಿ ಬರೆದ: 'ಚೆನ್ನಾಗಿದ್ದೀನಿ ಅಕ್ಕ.'

ಮರುದಿನ ಅದನ್ನು ಮೊದಲು ನೋಡಿದ್ದು ಹೆಂಡತಿ. ಅವಳು ಕೂಗಾಡಲಿಲ್ಲ. ಅವನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವವರೆಗೂ ಕಾದಳು.

"ಸಿನಿಮಾ ಕದ್ರಿ, ಹೋಗ್ಲಿ ಅಂತ ಸುಮ್ನಿದ್ದೆ. ನಾನೂ ಪಕ್ಕದಲ್ಲಿ ಕೂತು ನೋಡ್ದೆ," ಎಂದಳು. "ಈಗ ಯಾರದೋ ತಮ್ಮನ್ನೇ ಕದ್ರಲ್ಲ."

ಅವನು ಏನೋ ಹೇಳಲು ಹೋದ. ಅವಳು ಟೀವಿ ಕಡೆ ಕೈ ತೋರಿಸಿದಳು. ಉತ್ತರ ಆಗಲೇ ಬಂದಿತ್ತು: 'ನಿನ್ನ ಕೋಣೆ ಗುಡಿಸಿಟ್ಟಿದ್ದೀನಿ.'

ಆ ಖಾತೆಯ ಒಳಗೆ, ಯಾರೂ ಹೋಗದ ಮೂಲೆಯಲ್ಲಿ, ಯಾವ ದಿನ ಏನು ನೋಡಿದ್ದಾರೆ ಎಂಬ ಪಟ್ಟಿ ಇರುತ್ತದೆ. ಅವನಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ನೋಡುವ ಗೋಜಿಗೆ ಹೋಗಿರಲಿಲ್ಲ. ಅಂದು ನೋಡಿದ. ತಾನು ನೋಡಿದ್ದೆಲ್ಲ ಮೇಲಿತ್ತು. ಅದರ ಕೆಳಗೆ ಎರಡು ವರ್ಷ ಖಾಲಿ. ಅದರಾಚೆ ಒಂದು ತಾರೀಖು, ರೈಲಿನ ಧಾರಾವಾಹಿಯ ಏಳನೆಯ ಕಂತು, ಇಪ್ಪತ್ತಮೂರು ನಿಮಿಷ. ನೋಡಿದ್ದು ಒಂದು ಫೋನಿನಲ್ಲಿ. ಆ ಫೋನು ಕೊನೆಯ ಸಲ ಇದ್ದ ಊರಿನ ಹೆಸರೂ ಇತ್ತು, ಕಡಲ ದಂಡೆಯ ಒಂದು ಬಂದರು. ಅವನು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡ. ಖಾತೆಯಲ್ಲಿ ಅಕ್ಕನ ಫೋನ್ ನಂಬರೂ ಇತ್ತು.

ಫೋನಿನಲ್ಲಿ ಹೇಳುವ ಮಾತಲ್ಲ, ಎದುರು ನಿಂತು ಹೇಳಿ ಎಂದು ಹೆಂಡತಿ ಪಟ್ಟು ಹಿಡಿದಳು. ಆದ್ದರಿಂದ ಅವನು ಫೋನಿನಲ್ಲಿ ಹೇಳಿದ್ದು ಇಷ್ಟೇ: ನಿಮ್ಮ ತಮ್ಮನ ವಿಷಯ ಮಾತಾಡಬೇಕು, ಬರುತ್ತೇನೆ. ಅವಳು, ಅವನೂ ಜೊತೆಗೆ ಬರುತ್ತಾನಾ ಎಂದು ಕೇಳಿದಳು. ಇಲ್ಲ, ನಾನೊಬ್ಬನೇ ಎಂದ. ಪರವಾಗಿಲ್ಲ, ನಾಚಿಕೆ ಇರಬಹುದು ಎಂದು ಅವಳೇ ಸಮಾಧಾನ ಹೇಳಿದಳು.

ಮೂರು ಗಂಟೆಯ ಬಸ್ ಪ್ರಯಾಣ. ಅವಳು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದಳು. ಉದ್ದನೆಯ ಶೆಡ್ಡು, ಗೋಡೆ ಬೆವರುವಷ್ಟು ಹಬೆ. ಬಿಳಿ ಹಾಸುಬಟ್ಟೆಗಳು ಬಿಸಿ ಉರುಳೆಗಳ ನಡುವೆ ನುಗ್ಗಿ ಚಪ್ಪಟೆಯಾಗಿ ಹೊರಬರುತ್ತಿದ್ದವು. ಇಬ್ಬರಿಬ್ಬರು ಹೆಂಗಸರು ತುದಿ ಹಿಡಿದು ಮಡಿಸುತ್ತಿದ್ದರು. ನಲವತ್ತೈದರ ಆಸುಪಾಸಿನ, ಸಣಕಲು ಮೈಯ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದಳು. ಇವತ್ತು ಅರ್ಧ ದಿನ ರಜೆ ಕೇಳಿದ್ದೇನೆ, ಮನೆಯಲ್ಲಿ ಅಡುಗೆ ಮಾಡಿಟ್ಟಿದ್ದೇನೆ, ಅಲ್ಲೇ ಕೂತು ಮಾತಾಡೋಣ ಎಂದಳು. ಆ ಅನ್ನ ಉಂಡು ಈ ಮಾತು ಹೇಳಲಾಗುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಮಡಿಸಿದ ಬಟ್ಟೆಗಳ ರಾಶಿಯ ಪಕ್ಕದಲ್ಲಿ ನಿಂತೇ ಎಲ್ಲವನ್ನೂ ಹೇಳಿದ. ಪಟ್ಟಿ ಸಿಕ್ಕಿದ್ದು, ಹದಿನಾಲ್ಕನೆಯ ಖಾತೆ ತೆರೆದದ್ದು, ಖಾಲಿ ಕುರ್ಚಿಯ ಲೆಕ್ಕಾಚಾರ.

ಅವಳು ಕೇಳುತ್ತ ಕೇಳುತ್ತ ರಾಶಿಯಿಂದ ಒಂದು ಹಾಸುಬಟ್ಟೆ ತೆಗೆದು, ಮಡಿಸಿದ್ದನ್ನು ಬಿಚ್ಚಿ, ಮತ್ತೆ ಮಡಿಸಿದಳು.

"ಆ ರೈಲಿನದು ಮುಗಿಸಿದ್ದು?"

"ನಾನೇ."

"ಚೆನ್ನಾಗಿದ್ದೀನಿ ಅಂದಿದ್ದು?"

"ಅದೂ ನಾನೇ, ಅಮ್ಮ."

ಅವಳು ಬಟ್ಟೆಯನ್ನು ರಾಶಿಯ ಮೇಲಿಟ್ಟು, ಅಂಗೈಯಿಂದ ಅದರ ಸುಕ್ಕು ತೀಡಿದಳು.

"ಅವ್ನು ಹುಟ್ಟಿದಾಗಿಂದ ಒಂದು ಸಲಾನೂ ನನ್ನ ಅಕ್ಕ ಅಂದಿಲ್ಲ. ಡುಮ್ಮಿ ಅಂತಿದ್ದ. ಪ್ರೊಫೈಲಿಗೆ ಅಕ್ಕ ಅಂತ ಹೆಸರು ಹಾಕಿದ್ದು ನಾನೇ, ಹಾಗಾದ್ರೂ ಕರೀಲಿ ಅಂತ," ಎಂದಳು. "ಅವತ್ತು ಓದಿದ ತಕ್ಷಣ ಗೊತ್ತಾಯ್ತು. ಗೊತ್ತಾಗಿದ್ದನ್ನ ಪಕ್ಕಕ್ಕಿಟ್ಟು ಕೋಣೆ ಗುಡಿಸ್ದೆ."

ಉಳಿದದ್ದನ್ನು ಅವಳು ತುಂಡು ತುಂಡಾಗಿ ಹೇಳಿದಳು. ಮನೆ ಬಿಟ್ಟ ಮೇಲೂ ತಮ್ಮ ಅದೇ ಖಾತೆಯಲ್ಲಿ ನೋಡುತ್ತಿದ್ದ. ಫೋನ್ ಎತ್ತುತ್ತಿರಲಿಲ್ಲ, ಕಾಗದ ಬರೆಯಲಿಲ್ಲ. ಆದರೆ ಚಿತ್ರದ ಕೆಳಗಿನ ಕೆಂಪು ಗೆರೆ ದಿನಾ ಒಂದಿಷ್ಟು ಮುಂದೆ ಹೋಗುತ್ತಿತ್ತು. ಬದುಕಿದ್ದಾನೆ, ಸಂಜೆ ಹೊತ್ತು ಎಲ್ಲೋ ಕಾಲು ಚಾಚಿ ಕೂತಿದ್ದಾನೆ ಎಂದು ಅವಳಿಗೆ ಅಷ್ಟು ಸಾಕಾಗಿತ್ತು. ತಾನು ನೋಡುತ್ತಿದ್ದೇನೆಂದು ಗೊತ್ತಾದರೆ ಅದನ್ನೂ ಬಿಟ್ಟಾನು ಎಂದು ಹೆದರಿ ಒಂದು ಅಕ್ಷರ ಬರೆಯಲಿಲ್ಲ. ಐದು ತಿಂಗಳಾದ ಮೇಲೆ ಗೆರೆ ನಿಂತಿತು. ಎರಡು ವರ್ಷ ಚಂದಾ ಕಟ್ಟುತ್ತ ಕಾದಳು. ಹೊಸ ಟೀವಿಯೊಂದರಿಂದ ಯಾರೋ ಒಳಗೆ ಬಂದಿದ್ದಾರೆ, ನೀವೇನಾ ಎಂದು ಕಂಪನಿಯ ಸಂದೇಶ ಬಂದ ದಿನ ಅಪ್ಪನನ್ನು ಎಬ್ಬಿಸಿ ಕೂರಿಸಿ ತೋರಿಸಿದಳು. ಸಂದೇಶದಲ್ಲಿ ಊರಿನ ಹೆಸರಿತ್ತು.

"ನಿಮ್ಮೂರಿಗೆ ಎರಡು ಸಲ ಬಂದಿದ್ದೆ," ಎಂದಳು. "ಬಸ್ ಸ್ಟ್ಯಾಂಡಲ್ಲಿ ಕೂತ್ಕೊಂಡು ಬರೋರು ಹೋಗೋರ ಮುಖ ನೋಡ್ತಿದ್ದೆ. ಅಪ್ಪ ಸಾಯೋ ಮುಂಚೆ ಕೇಳಿದ್ರು, ಸಿಕ್ಕಿದ್ನಾ ಅಂತ. ಸಿಗ್ತಾನೆ ಅಂದೆ."

ಬಸ್ ಸ್ಟ್ಯಾಂಡು ಅವನ ಅಂಗಡಿಯಿಂದ ಎರಡೇ ಬೀದಿ ಆಚೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಜೇಬಿನಿಂದ ಚೀಟಿ ತೆಗೆದು ಕೊಟ್ಟ.

ಅವಳು ತಾರೀಖನ್ನು ಬಹಳ ಹೊತ್ತು ನೋಡಿದಳು. ಅವತ್ತು ತಾನು ಏನು ಮಾಡುತ್ತಿದ್ದೆ ಎಂದು ನೆನಪಿಗೇ ಬರುತ್ತಿಲ್ಲ, ಎಲ್ಲ ದಿನದ ಹಾಗೆ ಒಂದು ದಿನ ಇರಬೇಕು ಎಂದಳು. ಆಮೇಲೆ ಬಂದರಿನ ಊರಿನ ಹೆಸರು ಓದಿ, ಇದು ಯಾರಿಗೂ ಗೊತ್ತಿಲ್ಲ, ಪೊಲೀಸರಿಗೆ ಹೇಳಬೇಕು ಎಂದು ಚಪ್ಪಲಿ ಮೆಟ್ಟಿದಳು.

ಠಾಣೆಗೆ ಇಬ್ಬರೂ ಹೋದರು. ಇದೆಲ್ಲ ನಿನಗೆ ಹೇಗೆ ಗೊತ್ತಾಯಿತು ಎಂದು ಅಧಿಕಾರಿ ಕೇಳಿದಾಗ ಅವನು ಇದ್ದದ್ದು ಇದ್ದ ಹಾಗೆ ಹೇಳಿ, ಕೆಳಗೆ ಸಹಿ ಹಾಕಿದ. ಇವನ ಮೇಲೆ ದೂರು ಕೊಡುತ್ತೀರಾ ಎಂದು ಅಧಿಕಾರಿ ಅವಳನ್ನು ಕೇಳಿದ. ಅವಳು ಅವನ ಕಡೆ ತಿರುಗಿಯೂ ನೋಡದೆ, ಇವರ ವಿಷಯ ಬಿಡಿ, ತಮ್ಮನ್ನ ಹುಡುಕಿ ಎಂದಳು. ಹೊರಗೆ ಬಂದ ಮೇಲೆ ಅವಳು ಒಂದು ದಿಕ್ಕಿಗೆ ಹೋದಳು, ಅವನು ಬಸ್ಸಿನ ದಿಕ್ಕಿಗೆ.

ಊರಿಗೆ ಬಂದವನು ಮನೆಮನೆಗೆ ಹೋಗಿ ತಾನು ಹಾಕಿಕೊಟ್ಟಿದ್ದನ್ನೆಲ್ಲ ತೆಗೆದ. ಅತ್ತೆ ಎರಡು ದಿನ ಮಾತು ಬಿಟ್ಟರು. ಭಾವಮೈದುನ, ಏನು ಭಾವ, ಪಾಸ್‌ವರ್ಡ್ ಮರೆತುಹೋಯಿತಾ ಎಂದು ತಮಾಷೆ ಮಾಡಿದ. ಅವನು ಹೌದು ಎಂದ. ಅಂಗಡಿಯಲ್ಲಿ ಎರಡು ಲೆನ್ಸು ಒಡೆದ. ಹದಿನೆಂಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಏಳು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಆ ಅಕ್ಕನ ಫೋನು ಬಂತು. ತಮ್ಮ ಬಂದರಿನಲ್ಲಿ ಹಡಗಿಗೆ ಬಣ್ಣ ಬಳಿಯುವ ಕೆಲಸಕ್ಕೆ ಸೇರಿದ್ದನಂತೆ. ಚೀಟಿಯಲ್ಲಿದ್ದ ಆ ತಾರೀಖಿನ ಮರುದಿನವೇ ಅಟ್ಟಣಿಗೆಯಿಂದ ಬಿದ್ದಿದ್ದಾನೆ. ಗುತ್ತಿಗೆದಾರ ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟುಹೋದವನು ಹೆಸರೂ ಹೇಳಿರಲಿಲ್ಲ. ಮೂರು ದಿನ ಜೀವ ಹಿಡಿದುಕೊಂಡಿದ್ದನಂತೆ. ವಾರಸುದಾರರಿಲ್ಲವೆಂದು ಊರಿನವರೇ ಮಣ್ಣು ಮಾಡಿದ್ದಾರೆ. ಆಸ್ಪತ್ರೆಯವರು ತೆಗೆದಿಟ್ಟಿದ್ದ ಫೋಟೋ ತೋರಿಸಿದರು, ಅವನೇ, ಗಡ್ಡ ಬಿಟ್ಟಿದ್ದ. ಅವಳು ಇದನ್ನೆಲ್ಲ ಬೇರೆ ಯಾರದೋ ಮನೆಯ ಸುದ್ದಿ ಓದಿದ ಹಾಗೆ ಒಂದೇ ದನಿಯಲ್ಲಿ ಹೇಳಿದಳು.

ತಾನೂ ಬರುತ್ತೇನೆ, ಮಣ್ಣು ಮಾಡಿದ ಜಾಗದಲ್ಲಿ ಒಂದು ಕಲ್ಲನ್ನಾದರೂ ಇಡಿಸೋಣ ಎಂದು ಅವನು ಹೇಳಿದ. ಬೇಡ, ಹೋಗಿ ಬಂದಾಯಿತು ಎಂದಳು. ಫೋನ್ ಇಟ್ಟಳೇನೋ ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಅವಳು ಮತ್ತೆ ಮಾತಾಡಿದಳು.

"ನೀವು ಬಂದು ಹೇಳಿದ್ದು ಸರಿ ಅಂತ ಎಲ್ಲರೂ ಅಂತಾರೆ. ಸರಿ ಇರ್ಬಹುದು," ಎಂದಳು. "ಆದ್ರೆ ನೀವು ನೋಡ್ತಿದ್ದ ಆ ಐದು ತಿಂಗಳು ನಾನು ಕೆಲಸದಿಂದ ಓಡೋಡಿ ಮನೆಗೆ ಬರ್ತಿದ್ದೆ. ಈಗ ಯಾಕೆ ಬರ್ಬೇಕು ಹೇಳಿ."

ಉತ್ತರಕ್ಕೆ ಕಾಯದೆ ಅವಳು ನಿಧಾನವಾಗಿ ಫೋನ್ ಇಟ್ಟಳು.

ಏನಂದರು ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. ಅವನು ಅಕ್ಷರಕ್ಕೆ ಅಕ್ಷರ ಹೇಳಿದ. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಬಂದು ಅವನ ಪಕ್ಕದಲ್ಲಿ ಕೂತಳು. ಊಟದ ಹೊತ್ತು ಮೀರಿದರೂ ಇಬ್ಬರೂ ಏಳಲಿಲ್ಲ.